ಡ್ರಿಲ್ ಮೇಷ್ಟ್ರ ಜೀಪು

ಹಾಡಹಗಲಲ್ಲಿ ಜೀಪಿನ ದೀಪ ಹಾಕಿದ್ದೇ ಎಲ್ಲಕ್ಕೂ ಮೂಲವಾಯಿತು.

ಹುಣಸೂರಿನ ಡ್ರಿಲ್ ಮೇಷ್ಟ್ರು ಚನ್ನಬಸವಣ್ಣನವರು ಆ ಹಳೇ ಡೀಸೆಲ್ ಜೀಪು ಕೊಂಡು ಹದಿನೈದು ದಿನವಾಗಿತ್ತು. ಜೀಪನ್ನು ಟಾರು ರಸ್ತೆಯಲ್ಲಿ ಓಡಿಸಿದರೆ ಜೀಪಿಗೇ ಅವಮಾನ ಎಂಬುದು ಅವರ ಅಭಿಪ್ರಾಯ. ಹಾಗಾಗಿ ಆ ಭಾನುವಾರ ಹೆಂಡತಿ ಸರ್ವಮಂಗಳ, ಅತ್ತೆ ಪುಟ್ಟಮಲ್ಲಮ್ಮ ಇಬ್ಬರನ್ನೂ ಹತ್ತಿಸಿಕೊಂಡು ಹೊರಟು, ಅಂತರಸಂತೆ ದಾಟಿದ್ದೇ ಕಬಿನಿ ಹಿನ್ನೀರಿನ ಕಡೆ ಹೋಗುವ ಗಾಡಿಜಾಡಿಗೆ ಜೀಪು ಇಳಿಸಿದರು. ಪಕ್ಕದ ಮನೆಯ ಲಿಂಗರಾಜುವನ್ನು ಯಾರೂ ಕರೆದಿರಲಿಲ್ಲ. "ದಾರಿ ನಂಗೊತ್ತು ಬನ್ನಿ" ಎಂದು ಹೆಂಡತಿ ಸುಧಾಳ ಜೊತೆ ತಾನೇ ಹತ್ತಿ, ಮುಂದಿನ ಸೀಟು ಹಿಡಿದಿದ್ದ.

ಬಿದಿರಿನ ಮೆಳೆಗಳ ನೆರಳು ಶುರುವಾದದ್ದೇ ಮೇಷ್ಟ್ರು ದೀಪ ಹಾಕಿದರು.

"ಮಧ್ಯಾಹ್ನ ಹನ್ನೆರಡು ಗಂಟೆಗೆ ಯಾಕ್ರೀ ಲೈಟು?" ಎಂದಳು ಸರ್ವಮಂಗಳ.

"ಕಾಡು ಕಣೇ ಇದು. ಆನೆ ಬಂದ್ರೆ ಅದಕ್ಕೆ ನಾವು ಕಾಣಬೇಡ್ವಾ?"

"ಕಂಡ್ರೇ ಅಲ್ವಾ ಮೇಷ್ಟ್ರೇ ಕಷ್ಟ?" ಎಂದ ಲಿಂಗರಾಜು.

ನೀರು ಕಾಣುವ ಜಾಗದಲ್ಲಿ ಹೊಂಗೆ ಮರದ ಕೆಳಗೆ ಜೀಪು ನಿಂತಿತು. ಮೇಷ್ಟ್ರು ಸ್ಟೇರಿಂಗಿನ ಕೆಳಗಿನ ಗುಂಡಿ ಎಳೆದು ಇಂಜಿನ್ ಆರಿಸಿದರು. ಚಿತ್ರಾನ್ನ, ಮೊಸರನ್ನ, ನಿಪ್ಪಟ್ಟು ಎಲ್ಲ ಖಾಲಿಯಾದವು. ತಣ್ಣನೆ ಗಾಳಿಗೆ ಎಲ್ಲರೂ ಮಲಗಿದರು. ಜೀಪು ಮಾತ್ರ ಎರಡು ಕಣ್ಣೂ ಬಿಟ್ಟುಕೊಂಡು ಎಚ್ಚರವಾಗಿಯೇ ಇತ್ತು.

ಮೂರು ಗಂಟೆಗೆ ಎದ್ದು ಮೇಷ್ಟ್ರು ಕೀಲಿ ತಿರುವಿದರೆ, ನೆಗಡಿಯಾದ ಕೋಳಿಯಂತೆ 'ಕ್ರ್' ಎಂದು ಸುಮ್ಮನಾಯಿತು. ಇನ್ನೊಮ್ಮೆ ತಿರುವಿದರೆ ಅದೂ ಇಲ್ಲ. ಬ್ಯಾಟರಿ ಪೂರ್ತಿ ಇಳಿದುಹೋಗಿತ್ತು.

ಲಿಂಗರಾಜು ಬಾನೆಟ್ ಎತ್ತಿ ಒಳಗೆ ತಲೆ ಹಾಕಿದ. "ಪ್ಲಗ್ ಬಿಚ್ಚಿ ಉಜ್ಜಬೇಕು ಮೇಷ್ಟ್ರೇ. ನನ್ನ ಸ್ಕೂಟರಿಗೆ ಹಾಗೇ ಮಾಡೋದು."

"ನಿನ್ನ ಸ್ಕೂಟರ್ ಅಲ್ಲಪ್ಪಾ ಇದು, ಡೀಸೆಲ್ ಗಾಡಿ. ಇದಕ್ಕೆ ಪ್ಲಗ್ಗೇ ಇಲ್ಲ. ಬಾನೆಟ್ ಮುಚ್ಚು."

ಅಷ್ಟರಲ್ಲಿ ಪಕ್ಕದ ಹಳ್ಳಿಯ ಮಂಚಯ್ಯ ಒಂದು ಜೊತೆ ಎತ್ತು ಹೊಡೆದುಕೊಂಡು ಅಲ್ಲಿಗೆ ಬಂದ. ಜೀಪನ್ನೂ ಜನರನ್ನೂ ನೋಡಿ, "ಬಿರ್ರನೆ ವೊಂಟೋಗಿ ಸಾರ್. ಐದು ಗಂಟೆ ಒತ್ಗೆ ನೀರ್ಗೆ ಬತ್ತವೆ" ಎಂದ.

"ಯಾರು?"

"ಇನ್ಯಾರು? ದೊಡ್ಡವು."

ಸುಧಾ ಥಟ್ಟನೆ ಜೀಪು ಹತ್ತಿ ಕೂತಳು. ಮೇಷ್ಟ್ರು ಮಂಚಯ್ಯನ ಕೈ ಹಿಡಿದುಕೊಂಡು ಬೇಡಿದರು. ಅವನು ಹಗ್ಗ ಬಿಗಿದು ಎತ್ತುಗಳನ್ನು ಜೀಪಿಗೆ ಕಟ್ಟಿದ. ಆದರೆ ಎತ್ತುಗಳಿಗೆ ಬಾಯಾರಿಕೆ. ಅವು ದಾರಿಗೆ ಬೆನ್ನು ಹಾಕಿ ಸೀದಾ ನೀರಿನ ಕಡೆಗೆ ಎಳೆದವು. ಸುಧಾ ಕಿರುಚಿಕೊಂಡಳು. ಮುಂದಿನ ಚಕ್ರ ಕೆಸರು ಮುಟ್ಟುವ ಹೊತ್ತಿಗೆ ಮಂಚಯ್ಯ ಹೇಗೋ ಹಗ್ಗ ಬಿಚ್ಚಿದ. ಜೀಪನ್ನು ವಾಪಸ್ಸು ದಾರಿಗೆ ತರುವಷ್ಟರಲ್ಲಿ ಎಲ್ಲರ ಮೊಣಕಾಲವರೆಗೂ ಕೆಸರು, ಗಡಿಯಾರದಲ್ಲಿ ನಾಲ್ಕು ಗಂಟೆ.

ಇನ್ನು ಉಳಿದದ್ದು ತಳ್ಳುವುದೊಂದೇ. ದಾರಿ ಮುಂದಕ್ಕೆ ಕೊಂಚ ಇಳಿಜಾರಾಗಿತ್ತು. ಮೇಷ್ಟ್ರು ಸ್ಟೇರಿಂಗಿನ ಮುಂದೆ ಕೂತರು, ಉಳಿದವರು ತಳ್ಳಿದರು. ಜೀಪು ಕದಲಲಿಲ್ಲ. ಮೇಷ್ಟ್ರು ಇಳಿದು ಬಂದು ತಾವೂ ಭುಜ ಕೊಟ್ಟರು. ಕದಲಿತು! ಆದರೆ ಕೂರುವವರು ಯಾರು?

"ನಾನು ಕೂತ್ಕೋತೀನಿ" ಎಂದ ಲಿಂಗರಾಜು.

"ಬೇಡ, ನೀನೂ ತಳ್ಳಬೇಕು. ಮಂಡಿನೋವು ಅಂತ ತಳ್ಳೋಕಾಗದೆ ಇರೋರು ಅತ್ತೆ ಒಬ್ಬರೇ. ಅತ್ತೇ, ಹತ್ತಿ ಕೂತ್ಕೊಳ್ಳಿ."

ಅರವತ್ತೆಂಟರ ಪುಟ್ಟಮಲ್ಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದರು. ಮೇಷ್ಟ್ರು ಎರಡನೇ ಗೇರು ಹಾಕಿ, "ಇದು ಕ್ಲಚ್ಚು. ಎರಡು ಕಾಲೂ ಇಟ್ಟು ತುಳಿದುಕೊಂಡಿರಿ. ನಾನು 'ಬಿಡಿ' ಅಂದಾಗ ಬಿಡಿ" ಎಂದರು.

"ಆಮ್ಯಾಕೆ?"

"ಆಮೇಲೆ ನಾನು ಓಡಿಬಂದು ಹತ್ಕೋತೀನಿ."

ಎಲ್ಲರೂ ಉಸಿರು ಕಟ್ಟಿ ತಳ್ಳಿದರು. ಜೀಪು ಉರುಳಿತು. "ಬಿಡಿ ಅತ್ತೇ!" ಪುಟ್ಟಮಲ್ಲಮ್ಮ ಎರಡು ಕಾಲೂ ಮೇಲಕ್ಕೆತ್ತಿದರು. ಜೀಪು ಒಮ್ಮೆ ಬೆಚ್ಚಿಬಿದ್ದು, ಕಪ್ಪು ಹೊಗೆ ಕಾರಿ, ಗುಡುಗಿಕೊಂಡು ಮುಂದಕ್ಕೆ ಹಾರಿತು. ತಳ್ಳುತ್ತಿದ್ದ ಮೇಷ್ಟ್ರು ಧೂಳಿನಲ್ಲಿ ಬೋರಲು ಬಿದ್ದರು.

ಎದ್ದು ನೋಡಿದರೆ ಜೀಪು ಹೋಗುತ್ತಲೇ ಇತ್ತು.

"ಅತ್ತೇ! ಬ್ರೇಕು! ಬ್ರೇಕು ಒತ್ತಿ!"

"ಬ್ರೇಕು ಯಾವ್ದು ಅಂತ ನೀವು ಯೋಳೇ ಇಲ್ವಲ್ಲಾ ಅಳಿಯಂದ್ರೇ!" ಎಂಬ ಕೂಗು ಲಂಟಾನ ಪೊದೆಗಳ ತಿರುವಿನಲ್ಲಿ ಮರೆಯಾಯಿತು.

ಮೇಷ್ಟ್ರು ಓಡಿದರು. ಇಪ್ಪತ್ತು ವರ್ಷದಿಂದ ಬೇರೆಯವರ ಮಕ್ಕಳನ್ನು ಓಡಿಸಿದವರು, ತಾವು ಓಡಿ ಇಪ್ಪತ್ತು ವರ್ಷವಾಗಿತ್ತು. ಹಿಂದೆಯೇ ಸರ್ವಮಂಗಳ, "ನಮ್ಮವ್ವಂಗೆ ಏನಾದ್ರೂ ಆಗ್ಲಿ, ನಿಮ್ಮನ್ನ ಸುಮ್ಕೆ ಬಿಡಲ್ಲ!" ಎಂದು ಅಳುತ್ತ ಓಡಿದಳು. "ಶಾರ್ಟ್‌ಕಟ್ ಇದೆ ಮೇಷ್ಟ್ರೇ!" ಎಂದು ಲಿಂಗರಾಜು ಮುಳ್ಳಿನ ಪೊದೆಗೆ ನುಗ್ಗಿ ಅಲ್ಲೇ ಸಿಕ್ಕಿಹಾಕಿಕೊಂಡ. ಅವನನ್ನು ಬಿಡಿಸಲು ಸುಧಾ, ಮಂಚಯ್ಯ ನಿಂತರು.

ಅರ್ಧ ಮೈಲಿ ಹೋಗುವಷ್ಟರಲ್ಲಿ ಇಂಜಿನ್ನಿನ ಸದ್ದು ಇದ್ದಕ್ಕಿದ್ದಂತೆ ನಿಂತುಹೋಯಿತು.

ಮೇಷ್ಟ್ರು ಗಕ್ಕನೆ ನಿಂತರು. ಎಡಗಡೆಗೆ ಹಿನ್ನೀರು ಥಳಥಳ ಹೊಳೆಯುತ್ತಿತ್ತು. ಜೀಪು ಅದರೊಳಗೇ ಇಳಿದುಹೋಯಿತೇ? ತಮಗೆ ಇಷ್ಟವೆಂದು ಪ್ರತಿ ವರ್ಷ ಹುರುಳಿ ಹುರಿದು, ಬೀಸಿ, ಡಬ್ಬ ತುಂಬಿಸಿ ತರುತ್ತಿದ್ದ ಮುದುಕಿ. ಮದುವೆಯಾದ ಹದಿನೆಂಟು ವರ್ಷದಲ್ಲಿ ಒಂದು ದಿನವೂ ಅವರ ಹತ್ತಿರ ಕೂತು ನಾಲ್ಕು ಮಾತಾಡಿದ್ದಿಲ್ಲ. ಮೇಷ್ಟ್ರ ಕಣ್ಣು ಮಂಜಾಯಿತು. "ಅತ್ತೇ..." ಎಂದು ಕೂಗುತ್ತ ತಿರುವು ದಾಟಿದರು.

ದಾಟಿದರೆ ಒಂದು ಸಣ್ಣ ಹಳ್ಳಿ. ರಾಗಿ ಕಣದ ನಟ್ಟನಡುವೆ ಜೀಪು ನೆಟ್ಟಗೆ ನಿಂತಿದೆ. ಪಕ್ಕದಲ್ಲಿ ಹಗ್ಗದ ಮಂಚದ ಮೇಲೆ ಕಾಲು ಚಾಚಿ ಕೂತು ಪುಟ್ಟಮಲ್ಲಮ್ಮ ಮಜ್ಜಿಗೆ ಕುಡಿಯುತ್ತಿದ್ದಾರೆ. ಸುತ್ತ ಊರಿಗೂರೇ ನೆರೆದಿದೆ.

ಸರ್ವಮಂಗಳ ಓಡಿಹೋಗಿ ತಾಯಿಯನ್ನು ತಬ್ಬಿಕೊಂಡಳು. ಮೇಷ್ಟ್ರು ಅತ್ತೆಯ ಕಾಲ ಬುಡದಲ್ಲೇ ಕುಸಿದರು.

"ಹೇಗೆ ನಿಲ್ಲಿಸಿದ್ರಿ ಅತ್ತೆ?"

"ಅದೇನ್ ಮಹಾ ಇದ್ಯೆ? ಕಾಲ್ ತಗುದ್ರೆ ವೋಯ್ತು. ಮತ್ತೆ ತುಳುದ್ರೆ ನಿಲ್ಬೇಕಲ್ವಾ? ಕಣದ ಸುತ್ತ ಮೂರು ಸುತ್ತು ಬಂದು, ಎರಡು ಕಾಲೂ ಇಕ್ಕಿ ತುಳ್ದೆ. ನಿಂತ್ಕಂತು."

"ಭಾರಿ ಚೆನ್ನಾಗಿ ಜೀಪು ವೊಡುದ್ರು ಸಾರ್ ಅವ್ವಾರು" ಎಂದಳು ಮಜ್ಜಿಗೆ ಕೊಟ್ಟ ಹೆಂಗಸು.

ಮೇಷ್ಟ್ರು ನೆಮ್ಮದಿಯಿಂದ ಮುಖ ಒರೆಸಿಕೊಂಡರು. ಆಮೇಲೆ ಮೆಲ್ಲನೆ ಜೀಪಿನ ಕಡೆ ತಿರುಗಿದರು.

"ಅತ್ತೆ... ಇಂಜಿನ್ ಸದ್ದೇ ಇಲ್ಲವಲ್ಲಾ?"

"ನೀವು ಎಷ್ಟೊತ್ತಾದ್ರೂ ಬರ್ನಿಲ್ಲ. ಅದು ಸುಮ್ಕೆ ಗುಡುಗುಡು ಅಂತ ಎಣ್ಣೆ ಕುಡೀತಿತ್ತು. ನೀವು ಊಟಕ್ಕೆ ನಿಲ್ಸುವಾಗ ಒಂದು ಗುಂಡಿ ಎಳುದ್ರಲ್ಲ, ಅದ್ನೇ ಎಳ್ದೆ. ಆಫಾಯ್ತು" ಎಂದು ಪುಟ್ಟಮಲ್ಲಮ್ಮ ಹೆಮ್ಮೆಯಿಂದ ನಕ್ಕರು.

ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಕಣದಲ್ಲೇ ಕೂತರು.

ಊರಿನವರು ಒಳ್ಳೆಯವರು. ಹತ್ತು ಜನ ತಳ್ಳಲು ಮುಂದೆ ಬಂದರು. ಮುಳ್ಳು ಕೀಳಿಸಿಕೊಳ್ಳುತ್ತ ಲಿಂಗರಾಜುವೂ, ಅವನ ಹಿಂದೆ ಸುಧಾ, ಮಂಚಯ್ಯರೂ ಬಂದು ಸೇರಿದರು. ಮೇಷ್ಟ್ರು ಎದ್ದು ಸ್ಟೇರಿಂಗಿನ ಕಡೆ ಹೊರಟರೆ ಮಂಚಯ್ಯ ಅಡ್ಡ ನಿಂತ.

"ನೀವ್ ಬ್ಯಾಡಿ ಸಾರ್. ಆಗ ನೀವ್ ಕೂತಾಗ ಕದುಲ್ನೇ ಇಲ್ಲ. ಅವ್ವಾರ್ ಕೂತ್ಮ್ಯಾಲೇ ಸುರುವಾಗಿದ್ದು. ಅವ್ರ ಕೈಗುಣ ಬುಡಬಾರ್ದು."

"ಹೌದು ಕಣ್ರೀ" ಎಂದಳು ಸರ್ವಮಂಗಳ. ಪುಟ್ಟಮಲ್ಲಮ್ಮ ಆಗಲೇ ಹತ್ತಿ ಕೂತಿದ್ದರು. ಅವರ ಪಕ್ಕದಲ್ಲಿ ಮಗಳು ಕೂತಳು. ಹಿಂದೆ ಸುಧಾ ಹತ್ತಿದಳು. ಗಾಯ ಆಗಿದೆಯೆಂದು ಲಿಂಗರಾಜುವೂ ಹತ್ತಿದ.

ಮೇಷ್ಟ್ರು ಹಿಂದೆ ಹೋಗಿ ಭುಜ ಕೊಟ್ಟರು. ಪುಟ್ಟಮಲ್ಲಮ್ಮ ಕತ್ತು ಹೊರಗೆ ಹಾಕಿ ಅಕ್ಕರೆಯಿಂದ ಕೂಗಿದರು:

"ಜ್ವಾಪಾನವಾಗಿ ತಳ್ಳಿ ಅಳಿಯಂದ್ರೇ, ಬಿದ್ಗಿದ್ದೀರಿ! ಇದು ಸುರುವಾದ್ರೆ ಇನ್ನ ನಿಲ್ಸಕಿಲ್ಲ. ನಡ್ಕಂಡು ಬನ್ನಿ, ಅಂತರಸಂತೇಲಿ ಕಾಯ್ತಿರ್ತೀವಿ!"