ಯೂಲಿಮಿಟ್ಟೂ ಎಳನೀರೂ

ಮಾತೆತ್ತಿದರೆ 'ಎಲ್ಲದಕ್ಕೂ ಒಂದು ಮಿತಿ ಇರಬೇಕು ಕಣ್ರೀ' ಎನ್ನುವ ಮನುಷ್ಯನನ್ನು ಕಂಡರೆ ಯಾರಿಗೂ ಆಗುವುದಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಅಂಥವನ ಪಕ್ಕದ ಎಲೆ ಕೊನೆಗೆ ಭರ್ತಿಯಾಗುತ್ತದೆ. ನನ್ನ ದುರದೃಷ್ಟ ನೋಡಿ, ಆ ಮಾತೇ ನನ್ನ ಹೊಟ್ಟೆಪಾಡು. ಪಾಂಡವಪುರದ ಒಂದು ಕಾಲೇಜಿನಲ್ಲಿ ನಾನು ಯೂನಿಕ್ಸ್ ಕಲಿಸುತ್ತೇನೆ. ಕಪ್ಪು ಪರದೆ, ಬಿಳಿ ಅಕ್ಷರ. ಚಿತ್ರವಿಲ್ಲ, ಬಣ್ಣವಿಲ್ಲ, ಮೌಸ್ ಮುಟ್ಟಿದರೆ ನಾನು ಬೈಯುತ್ತೇನೆ. ಅದರಲ್ಲಿ ಒಂದು ಪಾಠವಿದೆ, ಯಂತ್ರದ ಮಿತಿಗಳನ್ನು ಯಂತ್ರದಿಂದಲೇ ಕೇಳಿ ತಿಳಿಯುವುದು. 'ಗೆಟ್‌ಕಾನ್ಫ್' ಎಂದು ಟೈಪು ಮಾಡಿ ಕೇಳಿದರೆ ಒಂದು ಫೈಲಿನ ಹೆಸರು ಎಷ್ಟುದ್ದ ಇರಬಹುದು, ಒಂದೇ ಉಸಿರಿಗೆ ಎಷ್ಟುದ್ದದ ಆಜ್ಞೆ ಕೊಡಬಹುದು ಎಂದೆಲ್ಲ ಅದು ಹೇಳುತ್ತದೆ. 'ಯೂಲಿಮಿಟ್' ಎಂದರೆ ಒಬ್ಬ ಎಷ್ಟು ಫೈಲುಗಳನ್ನು ಒಟ್ಟಿಗೆ ತೆರೆದು ಕೂರಬಹುದು, ಎಷ್ಟು ಮೆಮೊರಿ ನುಂಗಬಹುದು ಎಂಬುದನ್ನು ಹೇಳುತ್ತದೆ. ಮೊದಲನೆಯದು ಹೇಳುವುದಷ್ಟೇ, ಎರಡನೆಯದು ಹೇಳುವುದೂ ಉಂಟು, ಬದಲಾಯಿಸುವುದೂ ಉಂಟು. ಇಷ್ಟು ಹೇಳುವ ಹೊತ್ತಿಗೆ ಹಿಂದಿನ ಬೆಂಚು ಆಕಳಿಸಲು ಶುರುಮಾಡಿರುತ್ತದೆ.

ಕಸುಬಿನಿಂದ ನಾನು ಹೀಗಾದೆನೋ, ಹೀಗಿದ್ದವನಿಗೆ ತಕ್ಕ ಕಸುಬು ಸಿಕ್ಕಿತೋ ಎಂಬುದು ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗದ ವ್ಯಾಜ್ಯ. ನನ್ನ ಹೆಂಡತಿ ಸುನಂದಾ ಎರಡನೆಯ ಪಕ್ಷ. ಹಬ್ಬದ ದಿನ ಎರಡನೇ ಹೋಳಿಗೆಗೇ ಎಲೆಗೆ ಕೈ ಅಡ್ಡ ಹಿಡಿಯುವವನನ್ನು ಕಟ್ಟಿಕೊಂಡರೆ ತುಪ್ಪ ಕಾಯಿಸುವ ಉಮೇದೇ ಹೋಗುತ್ತದಂತೆ. 'ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ನೀವು ಹಾಸಿಗೆ ಇದ್ದರೂ ಮುದುರಿಕೊಂಡು ಮಲಗೋರು' ಎನ್ನುತ್ತಾಳೆ. ಇಂಥ ಮನೆಗೆ, ಶ್ರೀರಂಗಪಟ್ಟಣಕ್ಕೆ, ನನ್ನ ಅಕ್ಕ ಬಂದಳು.

ಅಕ್ಕ ಜಯಮ್ಮ ಅಕ್ಕಿಹೆಬ್ಬಾಳಿನಲ್ಲಿ ಗದ್ದೆ, ಎರಡು ಸೀಮೆಹಸು ಇಟ್ಟುಕೊಂಡು, ಬೆಳಗ್ಗೆ ಸಂಜೆ ಡೇರಿಗೆ ಹಾಲು ಹಾಕಿ, ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸಿಕೊಂಡು ಬರುವವಳು. ನಮ್ಮವ್ವ ಬೇಗ ಹೋದದ್ದರಿಂದ ನನಗೆ ಮುದ್ದೆ ನುಂಗುವುದನ್ನು ಕಲಿಸಿದವಳೂ ಅವಳೇ, ಬೆತ್ತ ತೋರಿಸಿ ಸ್ಕೂಲಿಗೆ ಅಟ್ಟಿದವಳೂ ಅವಳೇ. ಅವಳಿಗೆ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆರಡು ಸಲ ಆಸ್ಪತ್ರೆಗೆ ಹೋಗಿ ಯಂತ್ರಕ್ಕೆ ಕೈ ಕೊಟ್ಟು ಮಲಗಬೇಕು, ರಕ್ತ ತೊಳೆಸಿಕೊಂಡು ಬರಬೇಕು. ಹಸುಗಳನ್ನು ಮೈದುನನ ಮನೆಗೆ ಹೊಡೆಸಿ, ಒಂದು ಬ್ಯಾಗು ಹಿಡಿದು ನಮ್ಮ ಮನೆಗೆ ಬಂದಳು. ಬಾಗಿಲಲ್ಲೇ ನಿಂತು, 'ಲೇ ಚಂದ್ರ, ನಿನ್ ಮನೆ ಅನ್ನದ್ ಋಣ ಒಸಿ ಇತ್ತು ಅಂತ ಕಾಣ್ತದೆ ಕಣ್ಲಾ' ಎಂದಳು. ನಾನು 'ಒಳಗೆ ಬಾ ಅಕ್ಕ' ಎಂದೆ. ಸುನಂದಾ ವಾಡಿಕೆಯಂತೆ ಚೊಂಬಿನ ತುಂಬ ನೀರು ತಂದಳು. ಆ ಚೊಂಬಿನ ಹತ್ತಿರವೇ ನನ್ನ ಕಷ್ಟ ಶುರುವಾಯಿತು.

ಏಕೆಂದರೆ ಡಾಕ್ಟರು ನೀರಿಗೆ ಮಿತಿ ಹಾಕಿದ್ದರು. ದಿನಕ್ಕೆ ಇಷ್ಟೇ. ಕಾಫಿಯೂ ಅದರಲ್ಲೇ, ಸಾರೂ ಅದರಲ್ಲೇ, ಮಾತ್ರೆ ನುಂಗುವ ಗುಟುಕೂ ಅದರಲ್ಲೇ. ಆಹಾ, ನನ್ನ ಕೈಗೆ ಇಂಥ ಅಧಿಕಾರ ಹಿಂದೆಂದೂ ಸಿಕ್ಕಿರಲಿಲ್ಲ! ಬೆಳಗ್ಗೆ ಎದ್ದು ಅವಳ ದಿನದ ಪಾಲನ್ನು ನಾನೇ ಅಳೆದು ಒಂದು ಬಾಟಲಿಗೆ ಹಾಕಿಡುತ್ತಿದ್ದೆ. ಅಕ್ಕ ಮಧ್ಯಾಹ್ನಕ್ಕೇ ಅದನ್ನು ಖಾಲಿ ಮಾಡಿ, ಬಾಯಿ ಮುಕ್ಕಳಿಸುತ್ತೇನೆಂದು ಬಚ್ಚಲಿಗೆ ಹೋಗುವಳು. ಹೋದವಳು ಬಹಳ ಹೊತ್ತು ಮುಕ್ಕಳಿಸುವಳು. ನಾನು ಬಚ್ಚಲ ಬಾಗಿಲಿಗೆ ಕಿವಿಯಿಟ್ಟು, ಒಳಗೆ ಹೋದ ನೀರಿಗೆ ತಕ್ಕಷ್ಟು ಉಗುಳುವ ಸದ್ದು ಬರುತ್ತಿದೆಯೋ ಇಲ್ಲವೋ ಎಂದು ಲೆಕ್ಕ ಹಾಕುವೆನು. 'ಅಲ್ಲೇ ನಿಂತ್ಕಂಡಿದ್ದೀಯಲ್ಲಾ, ನಾಚ್ಕೆ ಆಗಕ್ಕಿಲ್ವಾ?' ಎಂದು ಒಳಗಿನಿಂದ ಬೈಗುಳ ಬರುತ್ತಿತ್ತು. ನಾಚಿಕೆ ಆಗುತ್ತಿತ್ತು, ನಿಜ. ಸುತ್ತ ನಾಲ್ಕೂ ಕಡೆ ಕಾವೇರಿ ಹರಿಯುವ ಊರಿನಲ್ಲಿ ಹೆತ್ತವ್ವನ ಜಾಗದಲ್ಲಿರುವವಳ ನೀರಿಗೆ ಕಾವಲು ಕೂತವನಿಗೆ ನಾಚಿಕೆ ಆಗದೆ ಏನು? ಆದರೆ ಮುಂದಿನ ಸಲ ಆಸ್ಪತ್ರೆಯಲ್ಲಿ ತೂಕದ ಮೇಲೆ ನಿಂತರೆ ಮುಳ್ಳು ಎಲ್ಲವನ್ನೂ ಒದರಿಬಿಡುತ್ತಿತ್ತು. ಕುಡಿದ ನೀರು ಹೊರಗೆ ಹೋಗದೆ ಕಾಲಿಗೆ, ಮುಖಕ್ಕೆ, ಎದೆಗೆ ಇಳಿದಿರುತ್ತಿತ್ತು. ಅವಳು ಏದುಸಿರು ಬಿಡುವುದನ್ನು ಕಂಡಮೇಲೆ ನಾನು ಮತ್ತೆ ಬಚ್ಚಲ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ.

ಅಕ್ಕನನ್ನಾದರೂ ಕಾಯಬಹುದಿತ್ತು, ನೆಂಟರನ್ನು ಕಾಯುವುದು ಹೇಗೆ? ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಯಾರೂ ಬರಿಗೈಲಿ ಹೋಗುವುದಿಲ್ಲ, ಎಳನೀರು ಹಿಡಿದೇ ಹೋಗುವುದು. ಜ್ವರಕ್ಕೆ ಎಳನೀರು, ಭೇದಿಗೆ ಎಳನೀರು, ಉಷ್ಣಕ್ಕೆ ಎಳನೀರು, ಮಗ ಪರೀಕ್ಷೆಯಲ್ಲಿ ಫೇಲಾಗಿ ಮಂಕಾಗಿ ಕೂತಿದ್ದರೆ ಅವನಿಗೂ ಒಂದು ಎಳನೀರು. ಅದು ಕಿಡ್ನಿ ಕೆಟ್ಟವರಿಗೆ ಮಾತ್ರ ಆಗಿಬರುವುದಿಲ್ಲ. ಅದರೊಳಗಿನ ಪೊಟ್ಯಾಸಿಯಂ ಎಂಬ ಉಪ್ಪಿನಂಶ ಹೃದಯವನ್ನೇ ನಿಲ್ಲಿಸಿಬಿಡಬಹುದು ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಇದನ್ನು ಬಿಂಡಿಗನವಿಲೆಯಿಂದ ಎರಡು ಬಸ್ಸು ಬದಲಾಯಿಸಿ, ಹೆಗಲ ಮೇಲೆ ಒಂದು ಗೊನೆ ಹೊತ್ತು ಬಂದ ನಮ್ಮ ದೊಡ್ಡಪ್ಪನ ಮಗ ನಿಂಗೇಗೌಡನಿಗೆ ಹೇಳಿ ನೋಡಿ.

'ಕಿಡ್ನಿಗೆ ಇದ್ಕಿಂತ ಮದ್ದಿಲ್ಲ ಕಣ್ಲಾ' ಎಂದ ಅವನು, ಗೊನೆಯನ್ನು ನಡುಮನೆಯಲ್ಲಿ ಇಳಿಸುತ್ತ. 'ಮಳೆ ನೆಚ್ಕಂಡ್ ಬೆಳ್ದಿರೋ ಮರದ್ದು. ಗೊಬ್ರಾನೂ ಇಲ್ಲ, ಅವುಸ್ದಿನೂ ಇಲ್ಲ.'

'ಡಾಕ್ಟ್ರು ಬ್ಯಾಡ ಅಂದವ್ರೆ ಅಣ್ಣ.'

'ಡಾಕ್ಟ್ರು ಮಾತ್ರೆ ಬರ್ಯೋರು. ಎಳ್ನೀರ್ ಬ್ಯಾಡ ಅನ್ನದೆ ಇನ್ನೇನಂದಾರು? ಮಚ್ಚ್ ತತ್ತಾ ಇಲ್ಲಿ.'

ನಾನು ಮಚ್ಚನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತೆ. 'ಒಡಹುಟ್ಟಿದೋಳ್ಗೆ ಒಂದ್ ಎಳ್ನೀರ್ ಕೊಚ್ಚಾಕ್ ಕಷ್ಟವೇನ್ಲಾ ನಿಂಗೆ?' ಎಂದು ನಿಂಗಣ್ಣ ಕಣ್ಣಲ್ಲಿ ನೀರು ತುಂಬಿಕೊಂಡ. ಕಾಫಿಯನ್ನೂ ಕುಡಿಯದೆ ಹೊರಟುಹೋದ. ಊರಿಗೆ ಹೋಗಿ ನಾನು ಎಂಥ ಕಟುಕ ಎಂದು ಸಾರಿದನೆಂದು ಕಾಣುತ್ತದೆ, ಮುಂದಿನ ವಾರ ಮೂರು ಗೊನೆ ಬಂದವು. ಹಿಂದಕ್ಕೆ ಕಳಿಸಿದರೆ ಅವಮಾನ, ಎಸೆದರೆ ಪಾಪ. ಹೀಗಾಗಿ ಅಕ್ಕನ ಹೆಸರಿಗೆ ಬಂದ ಎಳನೀರನ್ನೆಲ್ಲ ಕುಡಿದವನು ನಾನು. ಹಿತ್ತಲಲ್ಲಿ ಕಳ್ಳನಂತೆ ಕೂತು ಕುಡಿದೆ. ಮಿತಿಯ ಮಾತಾಡುವ ನಾನು ಹೊಟ್ಟೆ ಬಿಟ್ಟೆ. ಒಂದು ದಿನ ಕಿಟಕಿಯಿಂದ ಅಕ್ಕನ ದನಿ ಬಂತು.

'ಮಚ್ಚಿನ್ ಸದ್ದು ಕೇಳ್ತಾ ಐತೆ ಕಣ್ಲಾ. ಸೀ ಐತಾ?'

'ಸಪ್ಪೆ ಅಕ್ಕ, ಬರೀ ಸಪ್ಪೆ.'

'ಸುಳ್ ಬೊಗಳ್ಬ್ಯಾಡ. ಬಿಂಡಿಗನವಿಲೆ ಕಾಯಿ ಸಪ್ಪೆ ಇರಕ್ಕಿಲ್ಲ.'

ಅದು ಸಕ್ಕರೆಯಂತೆ ಸಿಹಿಯಾಗಿತ್ತು. ಉಳಿದದ್ದನ್ನು ಕರಿಬೇವಿನ ಗಿಡದ ಬುಡಕ್ಕೆ ಚೆಲ್ಲಿ, ಅಲ್ಲೇ ಕೂತು ಅತ್ತುಬಿಟ್ಟೆ.

ಅವತ್ತು ಸಂಜೆ ಅವಳೇ ಮಾತು ತೆಗೆದಳು. 'ದಿನಾ ಮಿತಿ ಮಿತಿ ಅಂತ ಬಡ್ಕತೀಯಲ್ಲ, ನಿಮ್ ಕಾಲೇಜ್ನಲ್ಲಿ ಮಿಷನ್ಗೂ ನೀರ್ ಕೊಡಕ್ಕಿಲ್ವೇನ್ಲಾ?' ನನಗೋ ಪಾಠ ಹೇಳಲು ಒಬ್ಬರು ಸಿಕ್ಕರೆ ಸಾಕು. ಹೇಳಿದೆ. ಯಂತ್ರದಲ್ಲಿ ಎರಡು ಗೆರೆ ಇರುತ್ತವೆ. ಒಂದು ಮೆತ್ತನೆಯದು, ಅದನ್ನು ನಾವೇ ಒಂದಿಷ್ಟು ಮೇಲಕ್ಕೆ ತಳ್ಳಿಕೊಳ್ಳಬಹುದು. ಅದರ ಮೇಲೊಂದು ಗಟ್ಟಿ ಗೆರೆ, ಅದನ್ನು ದಾಟುವಂತಿಲ್ಲ. ಆ ಗಟ್ಟಿ ಗೆರೆಯನ್ನು ಕೆಳಗಿಳಿಸಲು ಯಾರಿಗೂ ಅಡ್ಡಿಯಿಲ್ಲ. ಒಮ್ಮೆ ಇಳಿಸಿದರೆ ಮಾತ್ರ ಮತ್ತೆ ಏರಿಸಲಾಗುವುದಿಲ್ಲ.

'ಯಾರ್ಗೂ ಆಗಕ್ಕಿಲ್ವಾ?'

'ರೂಟ್ ಅಂತ ಒಬ್ಬ ಇರ್ತಾನೆ, ಮಿಷನ್ನಿನ ಯಜಮಾನ. ಅವನಿಗೆ ಮಾತ್ರ ಆಗುತ್ತೆ.'

'ನಮ್ ರಂಗನಾಥ ಅನ್ನು. ಇಲ್ಲೇ ಪಕ್ಕದಲ್ಲೇ ಮಲೀಕಂಡವ್ನೆ. ಎಬ್ಬುಸೋರ್ಯಾರು?' ಎಂದು ನಕ್ಕಳು. ಆಮೇಲೆ ಏನೋ ಯೋಚಿಸಿ, 'ಅಂಗೇನಾರ ಇಳ್ಸ್‌ಬುಟ್ರೆ ನಿನ್ ಕಾಲೇಜ್ ಮಕ್ಳು ಏನ್ ಮಾಡ್ತಾರ್ಲಾ?' ಎಂದು ಕೇಳಿದಳು.

'ಪರದೆ ಮೇಲೆ ಕೆಲಸ ಮಾಡೋ ಆ ಕಿಟಕಿ ಮುಚ್ಚಿ ಹೊಸದೊಂದು ತೆಗೆದರೆ ಆಯ್ತು. ಹಳೇ ಮಿತಿ ವಾಪಸ್ ಬರುತ್ತೆ.'

'ಅದೇ ವಾಸಿ ಬುಡು. ನಂದೂ ಮುಚ್ಬುಟ್ಟು ಇನ್ನೊಂದ್ ತಗೀಲಿ.'

'ಅಕ್ಕಾ, ಬುಡ್ತು ಅನ್ನಿ!' ಎಂದು ಸುನಂದಾ ಅಡುಗೆಮನೆಯಿಂದ ಓಡಿಬಂದಳು. ಅಕ್ಕ 'ಬುಡ್ತು, ಬುಡ್ತು' ಎನ್ನುತ್ತ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು. ನಾನು ಮಾತ್ರ, ಇಷ್ಟು ಬೇಗ ಅರ್ಥ ಮಾಡಿಕೊಳ್ಳುವ ವಿದ್ಯಾರ್ಥಿ ನನಗೆ ಇದುವರೆಗೂ ಸಿಕ್ಕಿರಲಿಲ್ಲವಲ್ಲ ಎಂದು ಹೆಮ್ಮೆಪಡುತ್ತಿದ್ದೆ.

ಆಷಾಢದ ಗಾಳಿ ಬೀಸುವ ಹೊತ್ತಿಗೆ ಅಕ್ಕ ಬಡವಾದಳು. ಯಂತ್ರಕ್ಕೆ ಮಲಗಿಸಿದರೆ ಬಿ.ಪಿ. ಇಳಿದುಹೋಗಿ ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಯಾವಾಗ ಸುಧಾರಿಸುತ್ತಾಳೆ ಎಂದು ಡಾಕ್ಟರನ್ನು ಕೇಳಿದರೆ, 'ಹಾಗೆಲ್ಲ ಹೇಳೋಕಾಗಲ್ಲ ಸರ್' ಎನ್ನುತ್ತಿದ್ದರು. ಗೆಟ್‌ಕಾನ್ಫ್ ಕೂಡ ಕೆಲವು ಪ್ರಶ್ನೆಗಳಿಗೆ ಹೀಗೇ, ಅಂಥದ್ದೊಂದು ಗೊತ್ತುಮಾಡಿಲ್ಲ ಎಂದು ಉತ್ತರ ಕೊಡುತ್ತದೆ. ಅದರ ಮೇಲೆ ನನಗೆ ಎಂದೂ ಸಿಟ್ಟು ಬಂದಿರಲಿಲ್ಲ. ಡಾಕ್ಟರ ಮೇಲೆ ಬಂತು. ಪಾಪ, ಚಿಕ್ಕ ವಯಸ್ಸಿನ ಹೆಣ್ಣುಮಗಳು, ಅಕ್ಕನನ್ನು 'ಅಜ್ಜೀ' ಎಂದು ಬಾಯ್ತುಂಬ ಕರೆಯುತ್ತಿದ್ದವರು.

ಶ್ರಾವಣದ ಮೊದಲಲ್ಲಿ ಒಂದು ದಿನ ಅವರು ನನ್ನನ್ನು ಹೊರಗೆ ಕರೆದರು. 'ಸರ್, ಇನ್ಮೇಲೆ ಅವರಿಗೆ ಊಟ ನೀರಿಗೆ ಕಟ್ಟುಪಾಡು ಬೇಡ. ಏನು ಕೇಳ್ತಾರೋ ಕೊಡಿ. ಇಲ್ಲಿಗೆ ಬರಲೇಬೇಕು ಅಂತ ಬಲವಂತಾನೂ ಮಾಡ್ಬೇಡಿ. ಆರಾಮಾಗಿರ್ಲಿ' ಎಂದರು.

'ಎಳನೀರು ಮೇಡಂ?'

'ಕೊಡಿ ಸರ್.' ಒಂದು ಕ್ಷಣ ನನ್ನನ್ನೇ ನೋಡಿ, 'ನಾನು ಹೇಳಿದ್ದು ಅರ್ಥ ಆಯ್ತಲ್ವಾ?' ಎಂದು ಕೇಳಿದರು.

'ಆಯ್ತು ಮೇಡಂ, ಚೆನ್ನಾಗಿ ಆಯ್ತು' ಎಂದೆ. ಅವರ ಕೈ ಹಿಡಿದು ಕುಲುಕುವುದೊಂದು ಬಾಕಿ.

ಬರುವ ದಾರಿಯಲ್ಲಿ ಆಟೋ ನಿಲ್ಲಿಸಿ, ಜೀವಮಾನದಲ್ಲಿ ಮೊದಲ ಸಲ ಚೌಕಾಸಿ ಮಾಡದೆ ಒಂದು ಗೊನೆಯನ್ನೇ ಕೊಂಡೆ. ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಒರಗಿದ್ದ ಅಕ್ಕ ಕಣ್ಣು ಬಿಟ್ಟು ಗೊನೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಮನೆ ಬಾಗಿಲಿಂದಲೇ ನಾನು, 'ಸುನಂದಾ, ಅಕ್ಕನ ಮಿತಿ ಎಲ್ಲ ತೆಗೆದುಬಿಟ್ರು! ಏನು ಬೇಕಾದ್ರೂ ಕುಡೀಬಹುದಂತೆ, ಆಸ್ಪತ್ರೆಗೂ ಬರಬೇಕಾಗಿಲ್ಲವಂತೆ!' ಎಂದು ಕೂಗಿದೆ. ಸುನಂದಾ ಅಲ್ಲೇ ನಿಂತಳು. ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಒಳಗೆ ಹೋದಳು, ಬಹಳ ಹೊತ್ತು ಬರಲಿಲ್ಲ. ಹೆಂಗಸರಿಗೆ ಸಂತೋಷಕ್ಕಿಂತ ಹಾಲಿನ ಚಿಂತೆ ದೊಡ್ಡದು ಎಂದುಕೊಂಡೆ. ನಾನೇ ಎಳನೀರು ಕೊಚ್ಚಿ, ಲೋಟಕ್ಕೆ ಬಗ್ಗಿಸಿ ಕೊಟ್ಟೆ. ಅಕ್ಕ ಗುಟುಕು ಗುಟುಕಾಗಿ, ಪ್ರತಿ ಗುಟುಕನ್ನೂ ಬಾಯಲ್ಲಿ ನಿಲ್ಲಿಸಿಕೊಂಡು ಕುಡಿದಳು. 'ಗಂಜಿ ಕೆರ್ದ್ ಕೊಡ್ಲಾ' ಎಂದಳು. ಬುರುಡೆ ಒಡೆದು ಒಳಗಿನ ಎಳೆ ತಿರುಳನ್ನು ಕೆರೆದು ಕೊಟ್ಟೆ. ಅಂದಿನಿಂದ ನಾನು ಕಾಲೇಜಿನಿಂದ ಶಿಳ್ಳೆ ಹಾಕುತ್ತ ಬರುತ್ತಿದ್ದೆ, ಬಂದವನೇ ಮಚ್ಚು ಹಿಡಿಯುತ್ತಿದ್ದೆ. ನಿಂಗಣ್ಣನಿಗೆ ಫೋನು ಮಾಡಿ, 'ನೀನು ಹೇಳಿದ್ದೇ ಸರಿ ಅಣ್ಣ' ಎಂದೂ ಹೇಳಿದೆ.

ಒಂದು ವಾರವೂ ಆಗಿರಲಿಲ್ಲ. ಲ್ಯಾಬಿನಲ್ಲಿ ಮಿತಿಗಳ ಪಾಠ ಬಂತು. ಎಲ್ಲರಿಗೂ ಯೂಲಿಮಿಟ್‌ನಿಂದ ಪೂರ್ತಿ ಪಟ್ಟಿ ತೆಗೆಯಿರಿ ಎಂದೆ. ಮುಂದೆ ಕೂತಿದ್ದ ಒಬ್ಬ ಹುಡುಗಿ ಪರದೆ ತೋರಿಸಿ, 'ಸರ್, ಇಲ್ಲಿ ಮೆಮೊರಿ ಎದುರಿಗೆ ಅನ್‌ಲಿಮಿಟೆಡ್ ಅಂತ ಬಂದಿದೆ. ಅಂದ್ರೆ ಈ ಮಿಷನ್ ಅಷ್ಟು ಸ್ಟ್ರಾಂಗಾ ಸರ್?' ಎಂದು ಕೇಳಿದಳು. ವರ್ಷವರ್ಷವೂ ಯಾರಾದರೂ ಇದನ್ನು ಕೇಳುತ್ತಾರೆ, ಉತ್ತರ ನನಗೆ ಬಾಯಿಪಾಠ. 'ಇಲ್ಲಮ್ಮ. ಮಿಷನ್ನಿಗೆ ಬಲ ಬಂತು ಅಂತ ಅಲ್ಲ. ಇರೋ ಮೆಮೊರಿ ಇರೋಷ್ಟೇ. ಅದು ಮುಗಿದುಹೋಗೋವರೆಗೂ ಇನ್ನು ತಡೆಯೋದು ಬೇಡ ಅಂತ...'

ಅಲ್ಲಿಗೆ ನಿಂತೆ. ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದರು. ಬ್ಯಾಗನ್ನೂ ತೆಗೆದುಕೊಳ್ಳದೆ ಹೊರಗೆ ಬಂದು, ಸಿಕ್ಕಿದ ಬಸ್ಸು ಹತ್ತಿದೆ.

ಮನೆಯಲ್ಲಿ ಸುನಂದಾ ಅಕ್ಕನ ತಲೆ ಬಾಚುತ್ತಿದ್ದಳು. 'ಯಾಕ್ಲಾ, ರಜಾನಾ?' ಎಂದು ಕೇಳಿದ ಅಕ್ಕ ನನ್ನ ಮುಖ ನೋಡಿದಳು.

'ಈಗ್ ಗೊತ್ತಾಯ್ತೇನ್ಲಾ?' ಎಂದಳು.

ಅವಳ ಕಾಲ ಹತ್ತಿರ ನೆಲದ ಮೇಲೆ ಕೂತೆ. ಸುನಂದಾ ಬಾಚಣಿಗೆ ಹಿಡಿದುಕೊಂಡೇ ಮುಖ ತಿರುಗಿಸಿದಳು. 'ಇವ್ಳು ಯೋಳ್ಬುಡ್ತೀನಿ ಅಂದ್ಲು. ನಾನೇ ಬ್ಯಾಡ ಅಂದೆ' ಎಂದು ಅಕ್ಕ ನನ್ನ ತಲೆಯ ಮೇಲೆ ಕೈಯಿಟ್ಟಳು. 'ಎಳ್ನೀರ್ ಕೊಚ್ಕಂಡು, ಸಿಳ್ಳೆ ಆಕ್ಕಂಡು, ಎಷ್ಟ್ ಚೆನ್ನಾಗ್ ಓಡಾಡ್ಕಂಡಿದ್ದೆ. ಚಿಕ್ಕುಡ್ಗ ಆಗಿದ್ದಾಗ್ಲೂ ನೀನ್ ಅಂಗ್ ನಗ್ತಿರ್ನಿಲ್ಲ ಕಣ್ಲಾ. ಇನ್ ನಾಕ್ ದಿನ ನಗ್ಲಿ ಬುಡು ಅಂದೆ.' ಅದರ ಹಿಂದೆಯೇ, 'ಪಾಠ ಅರ್ಧುಕ್ ಬುಟ್ಟು ಬಂದಿದ್ದೀಯಾ? ಮಕ್ಳು ಏನಂದ್ಕಂಡಾವು? ನಾಳೆ ಓಗಿ ಪೂರ್ತಿ ಯೋಳ್ಬುಟ್ಟು ಬಾ' ಎಂದು ಬೈದಳು.

ಗೌರಿಹಬ್ಬಕ್ಕೆ ಮೊದಲೇ ಅಕ್ಕ ಹೋದಳು. ಅವಳ ಮಾತನ್ನು ನಾನು ಮೀರಿದವನಲ್ಲ, ಆದರೆ ಆ ಪಾಠವೊಂದು ಹಾಗೇ ಉಳಿದಿದೆ. ಈ ವರ್ಷವೂ ಒಬ್ಬ ಹುಡುಗ ಎದ್ದು ನಿಂತು, 'ಸರ್, ಅನ್‌ಲಿಮಿಟೆಡ್ ಅಂದ್ರೆ?' ಎಂದು ಕೇಳಿದ. ಅದು ಪರೀಕ್ಷೆಗೆ ಬರುವುದಿಲ್ಲ, ಮುಂದಕ್ಕೆ ಹೋಗೋಣ ಎಂದೆ. ಪಾಪ, ಮಾಸ್ತರ ಮಾತನ್ನು ನಂಬಿ ಇಡೀ ಕ್ಲಾಸು ನೋಟ್ಸಿನಲ್ಲಿದ್ದ ಆ ಸಾಲನ್ನು ಹೊಡೆದುಹಾಕಿತು.