ಮೂವರಿಗೆ ಕೊಟ್ಟ ಪಾಗಾರ

‘ಆಗುವುದಿಲ್ಲ’ ಎಂಬ ಒಂದೇ ಒಂದು ಮಾತು ಚಾತುಕುಟ್ಟಿಯ ಬಾಯಿಗೆ ಬರುತ್ತಿದ್ದರೆ ಆ ಶನಿವಾರ ಇಷ್ಟೆಲ್ಲ ರಾದ್ಧಾಂತ ಆಗುತ್ತಲೇ ಇರಲಿಲ್ಲ. ಆದರೆ ಆ ಮನುಷ್ಯ ಹುಟ್ಟಿದ್ದೇ ಹೂಂ ಎಂದು ತಲೆ ಅಲ್ಲಾಡಿಸುತ್ತಾ.

ತಲಶ್ಶೇರಿಯಿಂದ ಒಳಗೆ, ಮೂರು ದಾರಿ ಕೂಡುವಲ್ಲಿ ಅವನ ಮನೆ. ಮನೆ ಮುಂದೆ ಮುರಕಲ್ಲಿನ ಉದ್ದ ಪಾಗಾರ. ಚುನಾವಣೆ ಬಂತೆಂದರೆ ಆ ಕಡೆ ಹುಡುಗಿ ನೋಡುವವರಿಗಿಂತ ಗೋಡೆ ನೋಡುವವರೇ ಜಾಸ್ತಿ. ಮೊದಲು ಕೇಳಿದ ಪಕ್ಷಕ್ಕೆ ಗೋಡೆ. ಅವರು ಸುಣ್ಣ ಬಳಿದು ತಮ್ಮ ಅಭ್ಯರ್ಥಿಯ ಹೆಸರು ಬರೆಯುತ್ತಾರೆ. ಈ ಸಲ ಚಾಯ್ ಅಂಗಡಿಯಲ್ಲಿ ದಾಸನ್ ಮಾಷ್ ಕೇಳಿದಾಗ ಚಾತುಕುಟ್ಟಿ, “ಅದಕ್ಕೇನು ಮಾಷೇ, ಬರೀರಿ” ಎಂದ. ಮಾಷ್ ನಿವೃತ್ತ ಮೇಷ್ಟ್ರು, ಒಂದು ಪಕ್ಷದ ಕಾರ್ಯದರ್ಶಿ, ಭಗವತಿ ಕಾವಿನ ಗುಡಿಯ ಸಮಿತಿಯವರು. ಮೀನು ಮಾರ್ಕೆಟಿನಲ್ಲಿ ಅವರಾನ್ ಹಾಜಿ ಕೇಳಿದರು. ಅವರ ಪಕ್ಷ ಬೇರೆ, ಅವರು ಪಳ್ಳಿಯ, ಅಂದರೆ ಮಸೀದಿಯ ಅಧ್ಯಕ್ಷರು. ಅವರಿಗೂ “ಅದಕ್ಕೇನು.” ಕ್ಷೌರದಂಗಡಿಯಲ್ಲಿ ಮೂರನೇ ಪಕ್ಷದ ತೊಮ್ಮಿಚ್ಚನ್, ಇಗರ್ಜಿಯ ಹಬ್ಬಕ್ಕೆ ಬ್ಯಾಂಡು ತರಿಸುವ ರಬ್ಬರ್ ತೋಟದ ಆಸಾಮಿ, ಅರ್ಧ ಗಡ್ಡದಲ್ಲೇ ಕೇಳಿದ. ಅರ್ಧ ಗಡ್ಡದವನಿಗೆ ಇಲ್ಲ ಅನ್ನುವುದು ಹೇಗೆ!

ಮೂವರೂ ಶನಿವಾರ ಬೆಳಿಗ್ಗೆ ಏಳಕ್ಕೇ ಸುಣ್ಣದ ಬಕೆಟ್ಟು, ಏಣಿ, ಹತ್ತಾರು ಜನರೊಂದಿಗೆ ಬಂದು ನಿಂತರು.

ಚಾತುಕುಟ್ಟಿ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ. ಹೆಂಡತಿ ಜಾನು ಬಾಗಿಲು ಬಡಿದಳು. “ಹೊರಗೆ ಬನ್ನಿ ಮಾರಾಯ್ರೇ! ತುಂಬು ಬಸುರಿ ಮಗಳು ಒಳಗೆ ಮಲಗಿದ್ದಾಳೆ, ಹೊರಗೆ ಕುರುಕ್ಷೇತ್ರ ಆಗ್ತಾ ಉಂಟು. ಯಾರಿಗೆ ಕೊಟ್ಟದ್ದು ಅಂತ ಹೇಳಿ ಮುಗಿಸಿ.”

“ಮೂವರಿಗೂ” ಎಂದಿತು ಬಚ್ಚಲು.

ಅಂತೂ ಹೊರಗೆ ಬಂದ. “ಚಾತುವೇಟ್ಟ, ಯಾರಿಗೆ ಮಾತು ಕೊಟ್ಟದ್ದು?” ಮಾಷ್ ಗದರಿದರು.

“ಎಲ್ಲರೂ ನಮ್ಮವರೇ ಅಲ್ವಾ ಮಾಷೇ...”

“ಅದು ಭಾಷಣಕ್ಕೆ ಸರಿ. ಗೋಡೆ ಯಾರಿಗೆ?”

“ಇವರ ಮಾತು ಕೇಳ್ತಾ ಕೂತರೆ ಸುಣ್ಣ ಒಣಗ್ತದೆ, ಏಣಿ ಇಡ್ರೋ!” ಎಂದರು ಹಾಜಿ. ತೊಮ್ಮಿಚ್ಚನೂ ಇಡಿಸಿದ. ಮಾಷ್ ಬಿಟ್ಟಾರೆಯೇ? ಮೂರು ಏಣಿ, ಮೂವತ್ತು ಜನ, ಒಂದೇ ನೂಕಾಟ. ಮಣ್ಣಿನಲ್ಲಿ ಕಟ್ಟಿದ ಪಾಗಾರ ಎಷ್ಟು ತಡೆದೀತು? ಕಂಬ, ಗೇಟು ಸಮೇತ ದಡಾರನೆ ಮಗುಚಿಕೊಂಡಿತು.

ಧೂಳು ಇಳಿಯುವ ಮೊದಲೇ ಒಳಗಿಂದ ಮಗಳು ರಜಿತ ಚೀರಿದಳು. “ಅಮ್ಮಾ! ನೋವು ಶುರುವಾಯ್ತು!”

ಅಳಿಯ ದುಬೈಯಲ್ಲಿ, ಅಂಗಳದ ಮುಂದೆ ಕಲ್ಲಿನ ರಾಶಿ, ಗಾಡಿ ಹತ್ತಿರ ಬರುವ ಹಾಗಿಲ್ಲ. ಚಾತುಕುಟ್ಟಿ ಬಾಯಿ ತೆರೆಯುವಷ್ಟರಲ್ಲಿ ಹಾಜಿ ಮುಂಡು ಎತ್ತಿಕಟ್ಟಿ, ಜಗಲಿಯ ಕುರ್ಚಿ ಎಳೆದು, “ಮಾಷೇ, ಕುರ್ಚಿಯ ಆ ಕಡೆ ಹಿಡೀರಿ!” ಎಂದರು. ಮೂವತ್ತು ಜನ ಸಾಲಾಗಿ ನಿಂತು ರಜಿತಳನ್ನು ಕುರ್ಚಿಯಲ್ಲೇ ಕಲ್ಲು ದಾಟಿಸಿದರು. ಮೈಕು ಕಟ್ಟಿದ ತೊಮ್ಮಿಚ್ಚನ ಪ್ರಚಾರದ ಜೀಪು ಎಲ್ಲರನ್ನೂ ಹೇರಿಕೊಂಡು ಆಸ್ಪತ್ರೆಗೆ ಹೊರಟಿತು. ಮೂವತ್ತು ವರ್ಷ ಆ ಪಕ್ಷವನ್ನು ಬೈದ ಮಾಷ್ ಅದೇ ಪಕ್ಷದ ಮೈಕು ಹಿಡಿದು, “ಹೆರಿಗೆ ಕೇಸು! ದಾರಿ ಬಿಡಿ! ದಾರಿ ಬಿಡಿ!” ಎಂದು ಗಂಟಲು ಹರಿದುಕೊಂಡರು. ಹಾಜಿ ತೊಮ್ಮಿಚ್ಚನ ಕರಪತ್ರಗಳಿಂದಲೇ ರಜಿತಳಿಗೆ ಗಾಳಿ ಬೀಸಿದರು.

ಹೆಣ್ಣುಮಗು. “ಇನ್ನು ಹತ್ತು ನಿಮಿಷ ತಡವಾಗಿದ್ದರೆ ಇಬ್ಬರೂ ಉಳೀತಿರಲಿಲ್ಲ” ಎಂದರು ಡಾಕ್ಟರಮ್ಮ.

ಚಾತುಕುಟ್ಟಿ ಮೂವರ ಕೈಗಳನ್ನೂ ಒಟ್ಟಿಗೆ ಹಿಡಿದು ಕೂಸಿನ ಹಾಗೆ ಅತ್ತುಬಿಟ್ಟ. “ನಿಮ್ಮ ಋಣ ಯಾವ ಜನ್ಮದಲ್ಲಿ ತೀರಿಸಲಿ!”

“ಎಂಥ ಋಣ ಮಾರಾಯ? ಗೋಡೆ ಬೀಳಿಸಿದ್ದು ನಾವು” ಎಂದ ತೊಮ್ಮಿಚ್ಚನ್. “ಸಂಜೆಯೊಳಗೆ ಎಬ್ಬಿಸಿ ನಿಲ್ಲಿಸ್ತೇವೆ. ನೀವು ಇಲ್ಲೇ ಇರಿ.”

ಸಂಜೆ ಜಾನು, ಬಾಣಂತಿಗೆ ಗಂಜಿ ತನ್ನಿ ಎಂದು ಗಂಡನನ್ನು ಮನೆಗೆ ಅಟ್ಟಿದಳು. ಬಸ್ಸಿಳಿದು ನೋಡುತ್ತಾನೆ, ನೂಲು ಹಿಡಿದಂಥ ಪಾಗಾರ! ಸಿಮೆಂಟು ಹಾಕಿ, ಸುಣ್ಣ ಬಳಿದು, ಮೂರು ಪಾಲು ಮಾಡಿ ಮೂರು ಹೆಸರು ಬರೆದಿದ್ದರು. ಒಬ್ಬರಿಗೊಬ್ಬರು ಬೀಡಿ ಹಚ್ಚಿಕೊಡುತ್ತಾ ಮೂರೂ ಪಕ್ಷದವರು ದಾರಿಬದಿಯಲ್ಲಿ ಕೂತಿದ್ದರು. ಚಾತುಕುಟ್ಟಿಯ ಕಣ್ಣು ತುಂಬಿತು. ಇಂಥ ಊರಲ್ಲಿ ಹುಟ್ಟಿಸಿದ ದೇವರಿಗೆ ಅಲ್ಲೇ ಕೈಮುಗಿದ. ಪಾಗಾರದ ಈ ತುದಿಯಿಂದ ಆ ತುದಿಗೆ ನಡೆದ. ಮತ್ತೆ ಆ ತುದಿಯಿಂದ ಈ ತುದಿಗೆ ಬಂದ.

“ಮಾಷೇ... ಗೇಟು?”

ಎಲ್ಲರೂ ಬೀಡಿ ಕೆಳಗಿಳಿಸಿದರು.

“ಟೇಪು ಹಿಡಿದು ಸಮಪಾಲು ಮಾಡಿದ್ದು” ಎಂದರು ಮಾಷ್. “ನನ್ನ ಪಾಲನ್ನ ನಾನು ಪೂರ್ತಿ ಕಟ್ಟಿದೆ. ಇವರು ಬಿಡ್ತಾರೆ ಅಂದ್ಕೊಂಡೆ.”

“ನಾನ್ಯಾಕೆ ಬಿಡ್ಲಿ?” ಹಾಜಿ ಎದ್ದರು. “ಮಧ್ಯದಲ್ಲಿ ಒಡೆದರೆ ನಮ್ಮ ಅಭ್ಯರ್ಥಿ ಎರಡು ತುಂಡು. ತೊಮ್ಮಿಚ್ಚನ ಅಭ್ಯರ್ಥಿ ಹೆಸರು ಸಣ್ಣದು, ಅಲ್ಲಿ ಒಡೀರಿ.”

“ಹೆಸರು ಸಣ್ಣದು ಅಂತಲೇ ಅಕ್ಷರ ದೊಡ್ಡದು ಬರೆದದ್ದು ಹಾಜಿಯಾರೇ!”

ವಿಷಯ ಇತ್ಯರ್ಥವಾಗಲಿಲ್ಲ. ಗಂಜಿಗೆ ತಡವಾಗುತ್ತಿತ್ತು. ಚಾತುಕುಟ್ಟಿ ಏಣಿ ಹತ್ತಿ ಒಳಗಿಳಿದು, ಗಂಜಿ ಬೇಯಿಸಿ, ಮುಚ್ಚಳದ ತೂಗುಪಾತ್ರೆ ಹಿಡಿದು ಮತ್ತೆ ಪಾಗಾರದ ಮೇಲೆ ಪ್ರತ್ಯಕ್ಷನಾದ. ಅಲ್ಲೇ ಅವನಿಗೆ ಹೊಳೆಯಿತು.

“ಅಲ್ಲ, ಬಾಣಂತಿ ಕೂಸು ಎತ್ತಿಕೊಂಡು ಇದನ್ನ ಹತ್ತೋದು ಹೇಗೆ?”

ಕೆಳಗೆ ಮೂವರೂ ಮುಖ ಮುಖ ನೋಡಿಕೊಂಡರು. ಅಂದು ಮೊದಲ ಬಾರಿಗೆ ಮೂವರ ಬಾಯಲ್ಲೂ ಒಂದೇ ಮಾತು ಬಂತು. “ಚುನಾವಣೆ ಮುಗಿಯೋವರೆಗೆ ನಮ್ಮನೇಲಿರ್ಲಿ!”

“ನಮ್ಮನೇಲಿ ಅಂದ್ರೆ ನಮ್ಮನೇಲಿ” ಎಂದರು ಮಾಷ್. “ಎಣ್ಣೆನೀರು ಹಾಕೋಕೆ ನನ್ನ ಹೆಂಡತಿಯಷ್ಟು ಗೊತ್ತಿರೋರು ಯಾರಿದ್ದಾರೆ?”

“ಕುರ್ಚಿ ಹೊತ್ತವನು ನಾನು! ನನ್ನ ಬೀವಿ ಆಗಲೇ ತೊಟ್ಟಿಲು ತೊಳೆದಿಟ್ಟಿದ್ದಾಳೆ” ಎಂದರು ಹಾಜಿ.

“ಜೀಪು ಯಾರದ್ದು ಸ್ವಾಮಿ?” ಎಂದ ತೊಮ್ಮಿಚ್ಚನ್.

ಹಿಂದಿದ್ದ ಮೂವತ್ತು ಜನರೂ ಎದ್ದು ನಿಂತರು. “ಚಾತುವೇಟ್ಟ, ನೀವೇ ಹೇಳಿ. ಯಾರ ಮನೆಗೆ?”

ಚಾತುಕುಟ್ಟಿಯ ಎದೆ ತುಂಬಿ ಬಂತು. ಪರರ ಮಗಳಿಗಾಗಿ ಹೀಗೆ ಜಗಳಾಡುವ ಜನ ಯಾರಿಗೆ ಸಿಗುತ್ತಾರೆ? ಕಣ್ಣೊರೆಸಿಕೊಂಡು ಮೂವರ ಮುಖವನ್ನೂ ನೋಡಿದ. ಆಮೇಲೆ ಬಿಸಿ ಗಂಜಿಯ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು, ಯಾವ ಕಡೆಗೆ ಇಳಿಯಬೇಕೆಂದು ತಿಳಿಯದೆ ಪಾಗಾರದ ಮೇಲೇ ಕೂತ.