ಭಾವಮೈದುನ ಕೇಳಿಟ್ಟು ಹೋದ ಡಬ್ಬ

ಹೆಂಡತಿಯ ತಮ್ಮ ಅನ್ನುವ ಪ್ರಾಣಿಯನ್ನು ಬೇಟೆಯಾಡಲು ಪೆನ್ಸಿಲ್ವೇನಿಯಾ ಸರ್ಕಾರ ಇನ್ನೂ ಲೈಸೆನ್ಸ್ ಕೊಡುತ್ತಿಲ್ಲ. ಕೊಟ್ಟಿದ್ದರೆ ಡೆಲ್ಬರ್ಟ್ ಶೂಪ್ ಮೊದಲ ದಿನವೇ ಹೋಗಿ ಸಾಲಿನಲ್ಲಿ ನಿಂತಿರುತ್ತಿದ್ದ.

ಹಾಗಂತ ಅವನ ಭಾವಮೈದುನ ಲಮಾರ್ ಕೆಟ್ಟವನೇ? ಅಲ್ಲ. ಅದೇ ತೊಂದರೆ. ಕುಡಿಯೋದಿಲ್ಲ, ಸುಳ್ಳು ಹೇಳೋದಿಲ್ಲ, ಭಾವನ ಮನೆಯ ಸೋರುವ ನಲ್ಲಿಯನ್ನು ಕೇಳದೆಯೇ ರಿಪೇರಿ ಮಾಡಿ ಹೋಗುತ್ತಾನೆ. (ಅದೂ ಡೆಲ್ಬರ್ಟ್ ಎರಡು ಭಾನುವಾರ ಒದ್ದಾಡಿ ಕೈಬಿಟ್ಟಿದ್ದ ನಲ್ಲಿ!) ಇಂಥವನನ್ನು ಬೈಯಲು ಒಂದು ಕಾರಣ ಸಿಗದೆ ಡೆಲ್ಬರ್ಟ್‌ಗೆ ಅಜೀರ್ಣವಾಗಿತ್ತು. ಆ ಕಾರಣವನ್ನು ಕಳೆದ ವರ್ಷ ಲಮಾರ್ ತಾನೇ ಒದಗಿಸಿದ. ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ, ತನ್ನ ಗ್ಯಾರೇಜಿನಲ್ಲಿ ಕೂತು, ಸ್ವಂತ ಕೈಯಿಂದ ಒಂದು ರೈಫಲ್ ಕಟ್ಟಿಕೊಂಡು ಜಿಂಕೆ ಕ್ಯಾಂಪಿಗೆ ಬಂದುಬಿಟ್ಟ.

ಬೆಟ್ಟದ ಮೇಲಿನ ಆ ಮರದ ಕ್ಯಾಂಪು ಡೆಲ್ಬರ್ಟ್‌ನ ಎಲ್‌ವುಡ್ ಚಿಕ್ಕಪ್ಪನದು. ಅಲ್ಲಿ ಒಂದು ಹಳೆಯ ಕಟ್ಟಳೆ ಇದೆ. ಬೇಟೆ ಶುರುವಾಗುವ ಹಿಂದಿನ ದಿನ ಎಲ್ಲರೂ ನೂರು ಗಜ ದೂರದ ಕಾಗದದ ತಟ್ಟೆಗೆ ಮೂರು ಮೂರು ಗುಂಡು ಹೊಡೆಯಬೇಕು. ಯಾರ ಮೂರು ತೂತು ಒಂದಕ್ಕೊಂದು ಹತ್ತಿರ ಇರುತ್ತವೋ, ಎಲ್ಲಿ ಕೂರಬೇಕು ಅಂತ ಆರಿಸುವ ಮೊದಲ ಹಕ್ಕು ಅವರದು. ಕಾಡಿನಲ್ಲಿ ಇರುವ ಅಟ್ಟಣೆಗಳಲ್ಲೆಲ್ಲ ರಾಜ ಅಂದರೆ ನೀರು ಜಿನುಗುವ ಊಟೆಯ ಪಕ್ಕದ ಓಕ್ ಮರದ ಅಟ್ಟಣೆ. ಡೆಲ್ಬರ್ಟ್‌ನ ಅಪ್ಪ ಮೊಳೆ ಹೊಡೆದು ಕಟ್ಟಿದ್ದು. ಹನ್ನೊಂದು ವರ್ಷ ಡೆಲ್ಬರ್ಟ್ ಅಲ್ಲಿ ಕೂತಿದ್ದ. ಹನ್ನೆರಡನೆಯ ವರ್ಷ ಲಮಾರ್ ಕೂತ, ಎಂಟು ಕವಲಿನ ಕೊಂಬಿನ ಗಂಡು ಜಿಂಕೆ ಹೊಡೆದ, ಅದರ ಜೊತೆ ಹಲ್ಲು ಕಿರಿದು ಫೋಟೋ ತೆಗೆಸಿಕೊಂಡ. ಆ ಫೋಟೋವನ್ನು ಡೆಲ್ಬರ್ಟ್‌ನ ಹೆಂಡತಿ ನೋರೀನ್ ಫ್ರಿಜ್ಜಿನ ಬಾಗಿಲಿಗೇ ಅಂಟಿಸಿದಳು.

ಅಲ್ಲಿಂದ ಡೆಲ್ಬರ್ಟ್ ಫ್ರಿಜ್ಜಿನ ಹತ್ತಿರ ಸುಳಿಯದೆ ಹಾಲಿಲ್ಲದ ಕಾಫಿ ಕುಡಿಯತೊಡಗಿದ.

ಹತ್ತು ತಿಂಗಳು ಹೊಟ್ಟೆಯೊಳಗೆ ಬೇಯಿಸಿಕೊಂಡದ್ದು ಸೆಪ್ಟೆಂಬರಿನಲ್ಲಿ ಉಕ್ಕಿ ಹೊರಗೆ ಬಂತು.

"ನಾನೂ ಒಂದು ರೈಫಲ್ ಕಟ್ತೀನಿ."

"ನೀನು?" ನೋರೀನ್ ತಲೆ ಎತ್ತಿದಳು. "ಹೋದ ತಿಂಗಳು ಪುಸ್ತಕದ ಕಪಾಟು ಜೋಡಿಸಿದೆಯಲ್ಲ, ಅದು ಇನ್ನೂ ಗೋಡೆಗೆ ಒರಗಿಕೊಂಡೇ ನಿಂತಿದೆ ಡೆಲ್."

"ಅದರ ಸ್ಕ್ರೂಗಳೇ ಸರಿ ಇರಲಿಲ್ಲ!"

"ಒಂಬೈನೂರು ಡಾಲರ್ ಕೊಡ್ತೀನಿ. ಬಟ್ಟೆ ಒಗೆಯೋ ಮಷಿನ್ ಇನ್ನೊಂದು ವರ್ಷ ಕಿರುಚಿಕೊಂಡೇ ತಿರುಗಲಿ. ಅದಕ್ಕಿಂತ ಒಂದು ಸೆಂಟ್ ಜಾಸ್ತಿ ಕೇಳಬೇಡ."

ನೋರೀನ್‌ಳದು ಕಾರ್ಖಾನೆಯಲ್ಲಿ ಯಂತ್ರದ ಭಾಗಗಳ ಅಳತೆ ತಪಾಸಣೆ ಮಾಡುವ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಎಡಗೈಯಲ್ಲಿ ಎತ್ತಿ ಕಸದ ಡಬ್ಬಕ್ಕೆ ಎಸೆಯುವವಳು. ಡೆಲ್ಬರ್ಟ್‌ನನ್ನು ಮಾತ್ರ ಇಪ್ಪತ್ತಾರು ವರ್ಷದಿಂದ ಎಸೆಯದೆ ಇಟ್ಟುಕೊಂಡಿದ್ದಾಳೆ.

ಡೆಲ್ಬರ್ಟ್ ಸಕಲ ಸಿದ್ಧತೆಯೊಂದಿಗೆ ದಂಡಯಾತ್ರೆ ಹೊರಟ. ಸಿದ್ಧತೆ ಅಂದರೆ, ಲಮಾರ್‌ನ ಮನೆಗೆ ಏಣಿ ಕೇಳುವ ನೆಪದಲ್ಲಿ ಹೋಗಿ ಅವನ ರೈಫಲ್‌ಗೆ ಏನೇನು ತಗುಲಿಸಿದೆ ಅಂತ ಅಂಗೈ ಮೇಲೆ ಬರೆದುಕೊಂಡು ಬಂದದ್ದು. ಎರಡು ಕಾಲಿನ ಸ್ಟ್ಯಾಂಡು. ದುರ್ಬೀನು. ದುರ್ಬೀನಿನ ಮೇಲೆ ನೀರುಗುಳ್ಳೆ ಓಡಾಡುವ ಪುಟ್ಟ ಮಟ್ಟಗೋಲು. ಕೆನ್ನೆ ಒರಗಿಸಲು ಮೆತ್ತೆ. ಗುಂಡು ಸಿಕ್ಕಿಸುವ ಪಟ್ಟಿ. ಕಾಣುವುದನ್ನೆಲ್ಲ ಬರೆದುಕೊಂಡ. ಒಳಗಿರುವುದು ಕಾಣಲಿಲ್ಲ, ಬರೆಯಲಿಲ್ಲ.

ಪೇಟೆಯ ಬಂದೂಕಿನ ಅಂಗಡಿಯ ಮಿಲ್ಟ್ ಇವನನ್ನು ನೋಡಿ ಕಪಾಟಿನಿಂದ ಮೂರು ಆ್ಯಕ್ಷನ್ ಇಳಿಸಿದ. (ಗುಂಡನ್ನು ಒಳಗೆ ತಳ್ಳುವ ಬೋಲ್ಟು ಹಿಂದೆ ಮುಂದೆ ಓಡಾಡುವ ಉಕ್ಕಿನ ಗೂಡಿಗೆ ಆ್ಯಕ್ಷನ್ ಅನ್ನುತ್ತಾರೆ, ಉಳಿದದ್ದೆಲ್ಲ ಅದಕ್ಕೆ ಅಂಟಿಕೊಳ್ಳುವ ನೆಂಟರು.) ಬೆಲೆ ಕೇಳಿ ಡೆಲ್ಬರ್ಟ್ ಮೂರನ್ನೂ ಗೌರವದಿಂದ ಹಿಂದಕ್ಕೆ ತಳ್ಳಿದ. ಆಗ ಕಣ್ಣಿಗೆ ಬಿತ್ತು, ಗಲ್ಲಾ ಪೆಟ್ಟಿಗೆಯ ಹಿಂದೆ ಪಕ್ಕಕ್ಕಿಟ್ಟ ಒಂದು ಡಬ್ಬ.

"ಅದೇನದು?"

"ಅದಾ? ಆ್ಯಕ್ಷನ್ನೂ ಭುಜಕ್ಕೊತ್ತೋ ಹಿಡಿಯೂ ಜೊತೆಗಿರೋದು. ಖರ್ಚಾಗದೆ ಕೂತಿತ್ತು, ಅರ್ಧ ಬೆಲೆಗೆ ಬಿಟ್ಟಿದೀನಿ, ವಾಪಸ್ ತಗೊಳ್ಳಲ್ಲ. ಆದರೆ ನಿನ್ನ ಭಾವಮೈದುನ ನೋಡಿ ಹೋಗಿದಾನೆ. ಶುಕ್ರವಾರ ಬರ್ತೀನಿ ಅಂದ."

ಡೆಲ್ಬರ್ಟ್‌ನ ಕಿವಿ ಎರಡೂ ಕೆಂಪಾದವು. ಒಂದು ರೈಫಲ್ ಇರುವಾಗ ಇನ್ನೊಂದಾ? ಅಟ್ಟಣೆ ತಗೊಂಡಿದ್ದು ಸಾಲದೆ?

"ಮುಂಗಡ ಕೊಟ್ಟಿದಾನಾ?"

"ಇಲ್ಲ, ಆದರೆ..."

"ಹಾಗಾದರೆ ನನಗೆ ಕೊಡು."

"ಡೆಲ್, ಒಂದು ನಿಮಿಷ ಕೇಳು, ಅದು ಮಾಮೂಲಿನ..."

"ಮಾಮೂಲಿಂದು ಯಾವನಿಗೆ ಬೇಕು? ಲಮಾರ್ ಮಾಮೂಲಿಂದು ಕೇಳ್ತಾನಾ? ಕಟ್ಟು!"

ಫಾರಂ ತುಂಬಿ, ಫೋನಿನಲ್ಲಿ ಸರ್ಕಾರದ ಅಪ್ಪಣೆ ಬರುವಷ್ಟು ಹೊತ್ತೂ ಡೆಲ್ಬರ್ಟ್ ಬಾಗಿಲ ಕಡೆಯೇ ನೋಡುತ್ತಿದ್ದ, ಲಮಾರ್ ಎಲ್ಲಿ ಬಂದುಬಿಡುತ್ತಾನೋ ಅಂತ. ಡಬ್ಬ ಬಿಚ್ಚಿ ನೋಡಲಿಲ್ಲ. ಗೆದ್ದ ಕೋಟೆಯನ್ನು ಯಾರಾದರೂ ಬಿಚ್ಚಿ ನೋಡುತ್ತಾರೆಯೇ?

ಮನೆಯಲ್ಲಿ, ಲಮಾರ್ ಕೇಳಿಟ್ಟದ್ದನ್ನು ಹೊಡೆದುಕೊಂಡು ಬಂದ ಕಥೆಯನ್ನು ನೋರೀನ್‌ಗೆ ಹೇಳುತ್ತಾ, ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿದ. ಎಣ್ಣೆ ಕಾಗದ ಸರಿಸಿದ. ಬೋಲ್ಟಿನ ಹಿಡಿಕೆಗೆ ಕೈ ಹಾಕಿದರೆ ಹಿಡಿಕೆ ಇಲ್ಲ. ತಿರುಗಿಸಿದ. ಇತ್ತು, ಎಡಗಡೆ.

"ಅಯ್ಯೋ ಡೆಲ್, ಇದು ಎಡಚರದು!" ನೋರೀನ್ ಕೈಯೊರೆಸಿಕೊಂಡು ಬಂದು ಎತ್ತಿಕೊಂಡಳು. ಎಡಗೈಯಲ್ಲಿ ಬೋಲ್ಟನ್ನು ಎಳೆದಳು, ತಳ್ಳಿದಳು. ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋಯಿತು. "ಎಷ್ಟು ಚೆನ್ನಾಗಿದೆ! ನನಗೆ ಅಂತಲೇ ಮಾಡಿದ ಹಾಗಿದೆ ನೋಡು."

"ಗೊತ್ತಿದ್ದೇ ತಂದಿದ್ದು!" ಡೆಲ್ಬರ್ಟ್ ಗುಡುಗಿದ. "ಬೆಂಚಿನ ಮೇಲೆ ಗುರಿ ಹೊಡೆಯೋ ದೊಡ್ಡ ದೊಡ್ಡವರು ಹೀಗೇ ಇಡೋದು. ಬಲಗೈ ಟ್ರಿಗರ್ ಬಿಟ್ಟು ಅಲುಗಾಡೋ ಹಾಗೇ ಇಲ್ಲ. ನಿಮ್ಮ ಲಮಾರ್‌ಗೆ ಇಷ್ಟು ದೂರ ಯೋಚನೆ ಓಡುತ್ತಾ?"

"ಓಡಿದೆಯಲ್ಲ. ಅವನೇ ಮೊದಲು ಕೇಳಿದ್ದು ಅಂದೆ ನೀನು."

ಡೆಲ್ಬರ್ಟ್ ಕರಿ ಕಾಫಿ ಕುಡಿದ.

ಮುಂದಿನ ವಾರಗಳಲ್ಲಿ ಅಂಗೈ ಪಟ್ಟಿಯ ಪ್ರಕಾರ ಶೃಂಗಾರ ಸಾಮಗ್ರಿ ಬರತೊಡಗಿತು. ಲಮಾರ್‌ನ ಸ್ಟ್ಯಾಂಡಿಗೆ ಎರಡು ಕಾಲಾದರೆ ಇವನದಕ್ಕೂ ಎರಡು ಕಾಲು, ಬೆಲೆ ಮಾತ್ರ ಕಾಲು ಭಾಗ. ಲಮಾರ್‌ನ ಗುಂಡಿನ ಪಟ್ಟಿಯಲ್ಲಿ ಐದು ಗೂಡು, ಇವನದರಲ್ಲಿ ಒಂಬತ್ತು. ಒಣಗಿದ ಎಲೆಯ ಚಿತ್ರವಿದ್ದ ಟೇಪು ಸುತ್ತಿ ಸುತ್ತಿ ಆ ರೈಫಲ್ಲು ಮದುವಣಗಿತ್ತಿಯಂತೆ ಆಯಿತು. ಆಮೇಲೆ ನೆನಪಾಯಿತು, ಇನ್ನೂ ಬ್ಯಾರೆಲ್ ಕೊಂಡಿಲ್ಲ. ಕೈಯಲ್ಲಿ ಉಳಿದದ್ದು ಅರವತ್ತು ಡಾಲರ್.

"ಗುಂಡು ಬರೋದು ಬ್ಯಾರೆಲ್‌ನಿಂದ ಡೆಲ್, ಟೇಪಿನಿಂದ ಅಲ್ಲ," ಅಂದಳು ನೋರೀನ್. ಅಗ್ನಿಶಾಮಕದವರ ಸಭಾಂಗಣದಲ್ಲಿ ಪಿರೋಗಿ ಕಡುಬು ಮಾರಿ ಕೂಡಿಟ್ಟಿದ್ದ ತನ್ನ ದುಡ್ಡು ತಂದು ಮೇಜಿನ ಮೇಲಿಟ್ಟಳು. ಬ್ಯಾರೆಲ್ಲನ್ನೂ ಅವಳೇ ಆರಿಸಿದಳು. ಕೂರಿಸುವಾಗ ಮೊದಲ ಸ್ಕ್ರೂವನ್ನೇ ಡೆಲ್ಬರ್ಟ್ ಸಿಟ್ಟಿನಲ್ಲಿ ತಿರುಗಿಸಿ ಅದರ ತಲೆ ಸವೆಸಿದ್ದರಿಂದ, ಉಳಿದದ್ದನ್ನೆಲ್ಲ ಅವಳೇ ಗೇಜಿಟ್ಟು ಅಳೆದು ಬಿಗಿದಳು. ಡೆಲ್ಬರ್ಟ್ ಪಕ್ಕದಲ್ಲಿ ನಿಂತು ಮೇಲ್ವಿಚಾರಣೆ ಮಾಡಿದ. "ಸರಿಯಾಗಿ ಕೂತಿದೆಯೋ ನೋಡ್ತೀನಿ" ಅಂತ ಅವಳು ಎರಡು ಶನಿವಾರ ಅದನ್ನು ಕಲ್ಲುಗಣಿಗೆ ಒಯ್ದು ಹೊಡೆದೂ ಬಂದಳು. ಆ ಎರಡು ಶನಿವಾರವೂ ಇವನಿಗೆ ಫುಟ್‌ಬಾಲ್ ಪಂದ್ಯ ನೋಡುವುದಿತ್ತು.

ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ ಕ್ಯಾಂಪು ತುಂಬಿತು. ನೋರೀನ್ ಎಲೆಕೋಸಿನಲ್ಲಿ ಮಾಂಸ ಸುತ್ತಿ ಬೇಯಿಸಿದ ದೊಡ್ಡ ಪಾತ್ರೆ ಹೊತ್ತು ಬಂದಿದ್ದಳು. ಡೆಲ್ಬರ್ಟ್ ಚೀಲದಿಂದ ರೈಫಲ್ ಹೊರಗೆಳೆದಾಗ ಎಲ್ಲರೂ ಎದ್ದು ಬಂದು ಸುತ್ತ ನಿಂತರು. ಅದು ಭಕ್ತಿ ಅಂತ ಅವನು ತಿಳಿದುಕೊಂಡ.

ಲಮಾರ್ ಎಡಗಡೆಯ ಬೋಲ್ಟು ನೋಡಿ ಗುರುತು ಹಿಡಿದ. "ಭಾವ, ಆ ಆ್ಯಕ್ಷನ್ ತಗೊಂಡಿದ್ದು ನೀನಾ? ನಾನು ಶುಕ್ರವಾರ ಹೋದರೆ ಮಿಲ್ಟ್ ಯಾರ ಹೆಸರೂ ಹೇಳಲಿಲ್ಲ. ನಾನು ಅದನ್ನ..."

"ಸಿಗಲಿಲ್ಲ ಅಂತ ಹೊಟ್ಟೆ ಉರಿತಿದೆಯಾ? ಉರೀಲಿ, ಉರೀಲಿ. ಚಳಿಗಾಲಕ್ಕೆ ಒಳ್ಳೇದು."

ಮೊದಲು ಲಮಾರ್ ಹೊಡೆದ. ಎಲ್‌ವುಡ್ ಚಿಕ್ಕಪ್ಪ ತಟ್ಟೆ ತಂದು ಅದರ ಮೇಲೆ ಕಾಲು ಡಾಲರಿನ ನಾಣ್ಯ ಇಟ್ಟ. ಮೂರು ತೂತೂ ನಾಣ್ಯದ ಕೆಳಗೆ ಮಾಯ. "ಭಲೇ ಹುಡುಗ!" ಅಂದ.

ಆಮೇಲೆ ಡೆಲ್ಬರ್ಟ್ ರೈಫಲ್ ಹಿಡಿದು ಬೋರಲು ಮಲಗಿದ. ಮೊದಲನೇ ಗುಂಡು ತಟ್ಟೆಯ ಅಂಚಿಗೆ ಹೋಯಿತು. ಬಲಗೈ ಬೋಲ್ಟು ಹುಡುಕುತ್ತಾ ಗಾಳಿಯಲ್ಲಿ ತಡವರಿಸಿತು, ಎಡಗೈ ಬರುವಷ್ಟರಲ್ಲಿ ಸ್ಟ್ಯಾಂಡಿನ ಒಂದು ಕಾಲು ಶರಣಾಗತವಾಯಿತು. ಎರಡನೇ ಗುಂಡು ಪಕ್ಕದ ತಟ್ಟೆಗೆ. ರೇಗಿ, ಕಣ್ಣನ್ನು ದುರ್ಬೀನಿಗೆ ಒತ್ತಿ ಮೂರನೆಯದನ್ನು ಹೊಡೆದ. ಅದು ಎಲ್ಲಿ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ದುರ್ಬೀನು ಮಾತ್ರ ಹಿಂದಕ್ಕೆ ಬಂದು ಹುಬ್ಬಿನ ಮೇಲೆ ಅರ್ಧಚಂದ್ರಾಕಾರದ ಬಿರುದು ಕೊಟ್ಟಿತು.

"ಇದನ್ನ ಮುಚ್ಚೋಕೆ ನಾಣ್ಯ ಸಾಲದು ಡೆಲ್," ಅಂದ ಚಿಕ್ಕಪ್ಪ. "ಕಂಬಳಿ ತರಿಸ್ತೀನಿ."

ಎಲ್ಲರೂ ನಕ್ಕರು. ಲಮಾರ್ ನಗಲಿಲ್ಲ, ಕರವಸ್ತ್ರ ತಂದುಕೊಟ್ಟ. ಅದೇ ತಡೆಯಲಾಗಲಿಲ್ಲ ಡೆಲ್ಬರ್ಟ್‌ಗೆ.

"ತಪ್ಪು ರೈಫಲ್‌ದು ಚಿಕ್ಕಪ್ಪ! ಯಾರ ಕೈಗೆ ಕೊಟ್ಟರೂ ಇಷ್ಟೇ. ಬೇಕಾದರೆ ಇಲ್ಲಿ ಯಾರಾದರೂ ಹೊಡೀಲಿ. ಇದರಲ್ಲಿ ಲಮಾರ್‌ನ ಮೀರಿಸಿದವರಿಗೆ ಅಪ್ಪನ ಅಟ್ಟಣೆ. ನಾನು ಕೆಳಗಿನ ಜೌಗಿನಲ್ಲಿ ಕೂರ್ತೀನಿ, ಹೋಗಿ!"

"ಮಾತು ಮಾತೇ ತಾನೆ?" ಅಂದಳು ನೋರೀನ್, ಸೌಟನ್ನು ಪಾತ್ರೆಯ ಮೇಲಿಡುತ್ತಾ.

ಅವಳು ಮುರಿದ ಸ್ಟ್ಯಾಂಡು ಬಿಚ್ಚಿ ಎಸೆದಳು. ಮಡಿಸಿದ ಕೋಟಿನ ಮೇಲೆ ರೈಫಲ್ ಇಟ್ಟು, ಎಡಭುಜಕ್ಕೆ ಒತ್ತಿ ಮಲಗಿದಳು. ಢಂ. ಎಡಗೈ ಹೋಯಿತು, ಬಂತು. ಢಂ. ಢಂ. ಎಲ್‌ವುಡ್ ಚಿಕ್ಕಪ್ಪ ತಟ್ಟೆ ತಂದ. ಕಾಲು ಡಾಲರ್ ಇಟ್ಟ, ತೆಗೆದ. ಜೇಬು ತಡಕಾಡಿ ಹತ್ತು ಸೆಂಟಿನ ಚಿಕ್ಕ ನಾಣ್ಯ ಇಟ್ಟ. ಮೂರು ತೂತೂ ಅದರಡಿ ಅಡಗಿದವು.

ಡೆಲ್ಬರ್ಟ್ ಟೋಪಿ ಹಾರಿಸಿ ಕುಣಿದ. "ಸೋತೆಯಲ್ಲೋ ಲಮಾರ್! ನನ್ನ ರೈಫಲ್ ನಿನ್ನದನ್ನ ಸೋಲಿಸ್ತು!" ಮೂರು ಸುತ್ತು ಕುಣಿದ ಮೇಲೆ ಯಾಕೋ ಕಾಲು ತಾನಾಗಿ ನಿಂತಿತು. ಹೆಂಡತಿಯನ್ನು ನೋಡಿದ. "ಅಟ್ಟಣೆ ನನಗೇ ಬಿಟ್ಟುಕೊಡ್ತೀಯ ಅಲ್ವಾ? ನಿನಗೆ ಲೈಸೆನ್ಸೇ ಇಲ್ಲವಲ್ಲ."

"ಇದೆ. ಆಗಸ್ಟಿನಲ್ಲೇ ತಗೊಂಡೆ. ಹುಟ್ಟುಹಬ್ಬಕ್ಕೆ ಒಂದು ಎಡಗೈ ರೈಫಲ್ ಕಟ್ಟಿಕೊಡ್ತೀನಿ ಅಕ್ಕ, ಲೈಸೆನ್ಸ್ ಮಾಡಿಸಿಟ್ಟುಕೋ ಅಂದಿದ್ದ ಲಮಾರ್. ಆಮೇಲೆ ಸಾಮಾನು ಕೈತಪ್ಪಿ ಹೋಯ್ತು ಅಂದ. ಯಾರು ತಗೊಂಡರು ಅಂತ ಅವನಿಗೆ ಗೊತ್ತಿರಲಿಲ್ಲ." ಅವಳು ತಣ್ಣಗೆ ರೈಫಲ್ಲಿನ ಗುಂಡಿನ ಪಟ್ಟಿ ಬಿಗಿದಳು. "ನನಗೆ ಗೊತ್ತಿತ್ತು."

"ಅದನ್ನೇ ಹೇಳೋಕೆ ಬಂದಿದ್ದೆ ಭಾವ," ಅಂದ ಲಮಾರ್ ಮೆಲ್ಲಗೆ. "ಖರ್ಚು ನಾನೇ ಕೊಡೋನಿದ್ದೆ."

ಮರುದಿನ ಬೆಳಕು ಹರಿದಾಗ ಡೆಲ್ಬರ್ಟ್ ಅಪ್ಪನ ಕಾಲದ ಹಳೆಯ ರೈಫಲ್ ಹಿಡಿದು ಜೌಗಿನಲ್ಲಿ, ಮೊಣಕಾಲವರೆಗೆ ಒದ್ದೆಯಾಗಿ ಕೂತಿದ್ದ. ಎಂಟಕ್ಕೆ ಸರಿಯಾಗಿ ಊಟೆಯ ಕಡೆಯಿಂದ ಢಂ ಅಂತ ಒಂದೇ ಒಂದು ಸದ್ದು ಬಂತು. ಆ ಸದ್ದಿಗೆ ಅವನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಅದೇ ಗಳಿಗೆಗೆ ಮೂವತ್ತು ಹೆಜ್ಜೆ ದೂರದಲ್ಲಿ ಒಂದು ಕೊಂಬಿನ ಜಿಂಕೆ ಬಂದು ನಿಂತು ಇವನನ್ನೇ ನೋಡಿತು. ಹೊಟ್ಟೆಯ ಬೆಂಕಿ ಆರುವ ತನಕ ಕಾಯಬೇಕಿತ್ತು. ಕಾಯಲಿಲ್ಲ. ಹೊಡೆದ. ಜಿಂಕೆ ಏನೂ ಆಗದವರ ಹಾಗೆ ಬಾಲ ಎತ್ತಿ ಹೋಯಿತು.

ಗುರಿ ತಪ್ಪಿದವನ ಅಂಗಿಯ ಹಿಂಬದಿಯನ್ನು ಕತ್ತರಿಸಿ, ಹೆಸರು ಬರೆದು, ಗೋಡೆಗೆ ಮೊಳೆ ಹೊಡೆಯುವುದು ಆ ಬೆಟ್ಟದ ಕ್ಯಾಂಪುಗಳಲ್ಲೆಲ್ಲ ಇರುವ ನ್ಯಾಯ. ಕತ್ತರಿ ಹಿಡಿಯುವವರು ಆ ದಿನದ ದೊಡ್ಡ ಜಿಂಕೆ ಹೊಡೆದವರು. ಆ ಸಂಜೆ ಹತ್ತು ಕವಲಿನ ಕೊಂಬು ಹೊರಗೆ ಕಂಬದಲ್ಲಿ ತೂಗುತ್ತಿತ್ತು.

"ತಿರುಗಿ ನಿಲ್ಲು ಡೆಲ್," ಅಂದಳು ನೋರೀನ್.

"ಹೊಸ ಅಂಗಿ ಕಣೇ. ಸ್ವಲ್ಪವೇ ಸ್ವಲ್ಪ ಕತ್ತರಿಸು."

"ಅಲುಗಾಡಬೇಡ."

ಅವಳು ಬೆರಳಿನಿಂದ ಅಳೆದಳು, ಎಡಗೈಯಲ್ಲಿ ಕತ್ತರಿ ಓಡಿಸಿದಳು. ಎಲ್‌ವುಡ್ ಚಿಕ್ಕಪ್ಪ ಆ ಬಟ್ಟೆಯ ತುಂಡನ್ನು ದೀಪಕ್ಕೆ ಹಿಡಿದು ನೋಡಿ, ನಲವತ್ತು ವರ್ಷದಲ್ಲಿ ಈ ಗೋಡೆಗೆ ಇಷ್ಟು ನೆಟ್ಟಗೆ ಕತ್ತರಿಸಿದ ಅಂಗಿ ಬಂದೇ ಇಲ್ಲ ಅಂದ. ಮೊಳೆ ಹೊಡೆಯಲು ಸುತ್ತಿಗೆ ಹುಡುಕಿ ತಂದವನು ಮಾತ್ರ ಲಮಾರ್. ಡೆಲ್ಬರ್ಟ್ ಅದನ್ನು ಅವನ ಕೈಯಿಂದ ಕಿತ್ತುಕೊಂಡ.

"ಕೊಡಿಲ್ಲಿ! ಇದೊಂದನ್ನಾದರೂ ನಾನೇ ಮಾಡ್ತೀನಿ," ಅಂತ ಗೋಡೆಯ ಕಡೆ ತಿರುಗಿ, ಮೊದಲ ಏಟನ್ನೇ ತನ್ನ ಹೆಬ್ಬೆರಳಿಗೆ ಹೊಡೆದ.